ಏನೂ ಆಗೋದಿಲ್ಲ ಅನ್ನೋರಿಗೆ

ವಿವೇಕ ಶಾನಭಾಗರ 'ಘಾಚರ್ ಘೋಚರ್' ಓದಿದ ಗೆಳೆಯರಲ್ಲಿ ಅರ್ಧ ಜನರ ದೂರು ಒಂದೇ: "ಅದರಲ್ಲಿ ಏನೂ ಆಗೋದೇ ಇಲ್ವಲ್ಲ ಗುರು! ಹೀರೋ ಬರೀ ಕಾಫಿ ಹೌಸಲ್ಲಿ ಕೂತಿರ್ತಾನೆ." ಈ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತೆ.

ಏನೂ ಆಗಲ್ವಾ? 2013ರಲ್ಲಿ ಬಂದ ಈ ಪುಟ್ಟ ಕಾದಂಬರಿಯಲ್ಲಿ ಒಂದು ಸಂಸಾರ ಒಳಗೊಳಗೇ ಕೊಳೆಯುತ್ತೆ. ಅಪ್ಪ ಚಹಾಪುಡಿ ಮಾರುತ್ತಿದ್ದವರು. ಚಿಕ್ಕಪ್ಪನ ಸೋನಾ ಮಸಾಲಾದಿಂದ ದುಡ್ಡು ಬಂತು. ಮಗ ಹೆಸರಿಗೆ ಡೈರೆಕ್ಟರ್, ಕೆಲಸ ಮಾತ್ರ ಇಲ್ಲ. ಚಿಕ್ಕಪ್ಪನನ್ನು ಹುಡುಕಿಕೊಂಡು ಒಬ್ಬಳು ಬೇಳೆ ಸಾರಿನ ಡಬ್ಬಿ ಹಿಡಿದು ಮನೆ ಬಾಗಿಲಿಗೆ ಬಂದಾಗ, ಹೆತ್ತ ತಾಯಿ, ಒಡಹುಟ್ಟಿದ ಮಾಲತಿ ಬಾಯಿಗೆ ಬಂದಂತೆ ಬೈದು ಅಟ್ಟುತ್ತಾರೆ. ಇವನು ನೋಡುತ್ತಾ ನಿಲ್ಲುತ್ತಾನೆ. ಇದು ತಪ್ಪು ಅಂತ ಹೇಳೋಳು ಹೆಂಡತಿ ಅನಿತಾ ಒಬ್ಬಳೇ. ಅವಳ ಕಣ್ಣಲ್ಲಿ ಗಂಡ ಸಣ್ಣವನಾಗಿದ್ದು ಅಲ್ಲೇ. ಒಂದು ದಾಂಪತ್ಯ ಬಿರುಕು ಬಿಡೋದಕ್ಕೆ ಇನ್ನೇನು ಆಗಬೇಕಿತ್ತು? ಕೊಲೆ? ಕೋರ್ಟು? ಕ್ಲೈಮ್ಯಾಕ್ಸಿನಲ್ಲಿ ಮಳೆ?

ನಮ್ಮ ಕಡೆ ಒಂದು ಮಾತೈತಿ: ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು. ಹಂಪಿಯಲ್ಲಿ ನಡೆದಷ್ಟೂ ಮುಗಿಯಲ್ಲ. ಕನಕಗಿರಿಯಲ್ಲಿ ಕನಕಾಚಲಪತಿ ಗುಡಿಯ ಕಂಬದ ಮುಂದೆ ನಿಂತು ನೋಡಬೇಕು, ಇಲ್ಲಾಂದ್ರೆ ಬಸ್ಸಿಗೆ ಕೊಟ್ಟ ದುಡ್ಡು ದಂಡ. ಕಾದಂಬರಿಗಳಲ್ಲೂ ಈ ಎರಡು ಜಾತಿ ಉಂಟು. ಹಂಪಿಯ ಕಾಲಿಟ್ಟುಕೊಂಡು ಕನಕಗಿರಿಗೆ ಬಂದು "ಇಷ್ಟೇನಾ?" ಅಂದ್ರೆ ಕುಂದು ಗುಡಿಯದ್ದಲ್ಲ.

ನಿಧಾನದ ಪುಸ್ತಕವೆಲ್ಲ ಒಳ್ಳೆಯದು ಅಂತ ನಾನು ಹೇಳ್ತಿಲ್ಲ. ಬರೀ ಬೋರು ಹೊಡೆಸಿ ಅದನ್ನೇ 'ಸೂಕ್ಷ್ಮ' ಅಂತ ಮಾರೋರೂ ಇದ್ದಾರೆ. ಪರೀಕ್ಷೆ ಸುಲಭ: ಪಾತ್ರ ಬಾಯಿ ಬಿಡದೇ ಇದ್ದಾಗ ಓದುಗನಿಗೆ ಏನಾದರೂ ಕೇಳಿಸುತ್ತಾ? ಜಾನ್ ವಿಲಿಯಮ್ಸ್‌ರ 'ಸ್ಟೋನರ್' 1965ರಲ್ಲಿ ಬಂದಾಗ ಹೆಚ್ಚು ಜನ ತಿರುಗಿ ನೋಡಲಿಲ್ಲ. ಸಂಸಾರ ಸರಿಹೋಗದ ಒಬ್ಬ ಮೇಷ್ಟ್ರ ಕಥೆ, ಅಷ್ಟೇ. ದಶಕಗಳ ನಂತರ ಯುರೋಪಿನ ಓದುಗರು ಅದನ್ನು ಮುಗಿಬಿದ್ದು ಓದಿದರು. ಕಥೆ ಬದಲಾಗಿರಲಿಲ್ಲ, ಕೇಳಿಸಿಕೊಳ್ಳೋರು ಸಿಕ್ಕಿದ್ದರು.

ನನ್ನ ಅನುಮಾನ ಬೇರೆಯೇ ಇದೆ. ಈ ಹೀರೋ ನಮಗೆ ಹಿಡಿಸದೇ ಇರೋದು ಅವನು ಅಪರಿಚಿತ ಅಂತಲ್ಲ. ತಿಂಗಳ ಕೊನೆಗೆ ಅಕೌಂಟಿಗೆ ದುಡ್ಡು ಬೀಳುತ್ತೆ, ಮನೆಯಲ್ಲಿ ಯಾರೋ ಯಾರನ್ನೋ ಚುಚ್ಚುತ್ತಾರೆ, ನಾವು ಮೊಬೈಲ್ ನೋಡುತ್ತೇವೆ. ಅದಕ್ಕೆ 'ಅಡ್ಜಸ್ಟ್‌ಮೆಂಟ್' ಅಂತ ಹೆಸರಿಟ್ಟಿದ್ದೇವೆ. ಕೊಲೆಗಾರನ ಕಥೆ ಓದಿ ನೆಮ್ಮದಿಯಾಗಿ ಮಲಗಬಹುದು, ಯಾಕಂದ್ರೆ ಅವನು ನಾವಲ್ಲ. ಸುಮ್ಮನೆ ನಿಂತವನ ಕಥೆಗೆ ಆ ಸೌಕರ್ಯ ಇಲ್ಲ.