ಒಳಲೆ ಸ್ವಲ್ಪ ಪಕ್ಕಕ್ಕಿಡಿ

ಎಚ್.ಐ.ವಿ. ಇರುವ ತಾಯಿ ಮಗುವಿಗೆ ಹಾಲೂಡಿಸಬಹುದಾ ಅಂತ ಕೇಳಿ ನೋಡಿ. ಓದಿದವರೂ ಥಟ್ಟನೆ "ಅಯ್ಯೋ ಬೇಡಪ್ಪ, ಬಾಟಲಿ ಹಾಲೇ ವಾಸಿ" ಅಂದುಬಿಡುತ್ತಾರೆ. ವಿಷಯ ಅಷ್ಟು ಸಲೀಸಲ್ಲ.

ಎದೆಹಾಲಿನಿಂದ ಸೋಂಕು ದಾಟಬಹುದು, ನಿಜ. ಆದರೆ ತಾಯಿ ಎ.ಆರ್.ಟಿ. ಮಾತ್ರೆಯನ್ನು ದಿನವೂ ತಪ್ಪದೆ ನುಂಗಿ, ಮಗುವಿಗೂ ವೈದ್ಯರು ಹೇಳಿದಷ್ಟು ವಾರ ಔಷಧಿ ಹಾಕಿದರೆ ಆ ಸಾಧ್ಯತೆ ತೀರಾ ಕಡಿಮೆ. ಪುಡಿಹಾಲಿಗೋ, ಪ್ರತಿ ಸಲ ಕುದಿಸಿದ ನೀರು ಬೇಕು, ಶುದ್ಧವಾದ ಲೋಟ ಬೇಕು, ತಿಂಗಳುಗಟ್ಟಲೆ ಡಬ್ಬ ಕೊಳ್ಳಲು ದುಡ್ಡು ಬೇಕು. ಆಫ್ರಿಕಾದ ಬೋಟ್ಸ್‌ವಾನಾ ಸರ್ಕಾರ ಸೋಂಕಿತ ತಾಯಂದಿರಿಗೆ ಈ ಡಬ್ಬ ಪುಕ್ಕಟೆ ಕೊಡುತ್ತಿತ್ತು. 2006ರ ಆರಂಭದಲ್ಲಿ ಭಾರೀ ಮಳೆಯಾಗಿ ನೀರು ಕೆಟ್ಟಾಗ ಭೇದಿ ಹಬ್ಬಿ ನೂರಾರು ಮಕ್ಕಳು ಸತ್ತರು. ಆಸ್ಪತ್ರೆ ಸೇರಿದ ಕೂಸುಗಳಲ್ಲಿ ಬಹುಪಾಲು ಎದೆಹಾಲು ಕುಡಿಯದವು.

ಇನ್ನೊಂದು ಸಂಗತಿ ನಮ್ಮ ಮನೆಗಳಿಗೇ ಹೇಳಿದಂತಿದೆ. ಈಗಿನಂತೆ ಮಾತ್ರೆ ಸಿಗದಿದ್ದ ಕಾಲದಲ್ಲಿ, ದಕ್ಷಿಣ ಆಫ್ರಿಕಾದ ಡರ್ಬನ್ನಿನಲ್ಲಿ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ಮೂರು ತಿಂಗಳು ಬರೀ ಎದೆಹಾಲು ಕುಡಿದ ಶಿಶುಗಳಿಗಿಂತ ಎದೆಹಾಲಿನ ಜೊತೆ ಬೇರೇನಾದರೂ ಕುಡಿದವುಗಳಲ್ಲಿ ಸೋಂಕು ಹೆಚ್ಚಿತ್ತು. ನಮ್ಮಲ್ಲಿ ಆ "ಬೇರೇನಾದರೂ" ಎಷ್ಟಿದೆ ನೋಡಿ! ಹುಟ್ಟಿದ ಕೂಡಲೇ ಜೇನುತುಪ್ಪ, ಆಮೇಲೆ ತೇದ ಬಜೆ, ಗ್ರೈಪ್ ವಾಟರ್, ಸಂಜೆ ಅತ್ತರೆ ಒಂದು ಒಳಲೆ ಹಸುವಿನ ಹಾಲು. ಎಲ್ಲವೂ ಅಕ್ಕರೆಯಿಂದಲೇ. (ಅಜ್ಜಿಯಂದಿರು ನನ್ನನ್ನು ಬೈಯಬಾರದು!) ಒಮ್ಮೆ ಹೀಗಾಯಿತೆಂದು, ಮಾತ್ರೆ ಸರಿಯಾಗಿ ನಡೆಯುತ್ತಿದ್ದರೆ, ಎದೆಹಾಲು ಬಿಡಿಸಬೇಕಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೇಳಿದೆ. ಆದರೂ ಆರು ತಿಂಗಳು ಬರೀ ಎದೆಹಾಲು ಎಂಬುದೇ ಅದರ ಸಲಹೆ.

ಈ ಸಲಹೆಯನ್ನು ಆಸ್ಪತ್ರೆಯಲ್ಲಿ ಕೇಳಿಸಿಕೊಂಡು ಬಂದ ಸೊಸೆ ಅತ್ತೆಯ ಕೈ ತಡೆಯುವುದು ಹೇಗೆ? ಕಾರಣ ಹೇಳಿದರೆ ಗುಟ್ಟು ರಟ್ಟು. ಬಾಟಲಿ ಹಿಡಿದರೆ ಪಕ್ಕದ ಮನೆಯವರು "ಯಾಕಮ್ಮಾ, ಹಾಲು ಬರಲ್ವಾ?" ಅಂತಾರೆ. ಎಲ್ಲ ಹೊಣೆಯನ್ನೂ ಅವಳೊಬ್ಬಳ ತಲೆಗೆ ಕಟ್ಟುವುದು ಅನ್ಯಾಯ ಅಂತ ನನಗನ್ನಿಸುತ್ತದೆ. ವೈದ್ಯರು ಬರೆದ ಔಷಧಿ ಬಿಟ್ಟು ಆರು ತಿಂಗಳು ಬೇರೇನೂ ಬೇಡ ಎಂಬ ಮಾತು, ಸೋಂಕು ಇರಲಿ ಬಿಡಲಿ, ಎಲ್ಲ ಕೂಸುಗಳಿಗೂ ಒಳ್ಳೆಯದೇ. ಹಾಗಾಗಿ ಆಶಾ ಕಾರ್ಯಕರ್ತೆಯರು ಪ್ರತಿ ಬಾಣಂತಿಯ ಮನೆಯಲ್ಲೂ ಮೊದಲು ಅತ್ತೆಯನ್ನು, ಅಜ್ಜಿಯನ್ನು ಕೂರಿಸಿಕೊಂಡು ಇದನ್ನು ಹೇಳಲಿ. ಆಗ ಆ ಸೊಸೆ "ಊರಲ್ಲಿ ಎಲ್ಲರಿಗೂ ಹೀಗೇ ಹೇಳಿದ್ದಾರೆ ಅತ್ತೆ" ಅಂದರೆ ಸಾಕು, ಇನ್ನೇನೂ ಹೇಳಬೇಕಿಲ್ಲ.