‘ಮಿಂಚಿನ ಓಟ’: ನೋಡಿದವರ ನುಡಿ



ಕಳೆದ ತಿಂಗಳಿನ ಒಂದು ಶನಿವಾರ ಸಂಜೆ ಚಂದಾಪುರದಲ್ಲಿ ನಮ್ಮ ಪರಿಚಿತರೊಬ್ಬರ ಮನೆಯ ಪಡಸಾಲೆಯಲ್ಲಿ ಹತ್ತು ಹನ್ನೆರಡು ಮಂದಿ ಕುಳಿತು ಒಂದು ಹಳೆಯ ಕನ್ನಡ ಚಿತ್ರವನ್ನು ನೋಡಿದೆವು. ಚಿಂಚೋಳಿಗೆ ಹೊಂದಿಕೊಂಡ ಈ ಊರಿನಲ್ಲಿ ಕನ್ನಡದೊಡನೆ ತೆಲುಗು, ಉರ್ದು, ಲಂಬಾಣಿ ಮಾತುಗಳೂ ದಿನವೂ ಕಿವಿಗೆ ಬೀಳುತ್ತವೆ. ಆದುದರಿಂದ ಪಡಸಾಲೆಯ ಚರ್ಚೆಯೂ ಒಂದೇ ಭಾಷೆಯಲ್ಲಿ ನಡೆಯಲಿಲ್ಲ. ಚಿತ್ರದ ಹೆಸರು ‘ಮಿಂಚಿನ ಓಟ’. ನೋಡಿದುದಕ್ಕಿಂತ ನೋಡಿದ ಮೇಲೆ ನಡೆದ ಮಾತುಕತೆಯೇ ನಮ್ಮ ಮನಸ್ಸಿನಲ್ಲಿ ಹೆಚ್ಚು ನಿಂತಿತು. ಅದನ್ನು ವಾಚಕರ ಮುಂದಿಡುವುದು ಈ ತಿಂಗಳ ನಮ್ಮ ಉದ್ದೇಶ.

ಮೊದಲು ಚಿತ್ರದ ವಿಷಯ. ೧೯೮೦ರಲ್ಲಿ ತೆರೆಗೆ ಬಂದ ಇದನ್ನು ನಿರ್ದೇಶಿಸಿದವರು ಶಂಕರ್ ನಾಗ್. ೧೯೫೪ರ ನವೆಂಬರಿನಲ್ಲಿ ಜನಿಸಿದ ಅವರಿಗೆ ಆಗ ಇಪ್ಪತ್ತೈದರ ಪ್ರಾಯ. ನಿರ್ದೇಶಕರಾಗಿ ಅದು ಮೊದಲನೆಯ ಚಿತ್ರ. ಮೋಟಾರು ಕಾರುಗಳನ್ನು ಕದಿಯುವ ಮೂವರು ಸಿಕ್ಕಿಬಿದ್ದು ಸೆರೆಮನೆ ಸೇರುತ್ತಾರೆ; ಅಲ್ಲಿಂದ ತಪ್ಪಿಸಿಕೊಂಡು ಹೋಗಲು ಹವಣಿಸುತ್ತಾರೆ. ಕಥೆ ಇಷ್ಟೇ. ಆ ಮೂವರಲ್ಲಿ ಇಬ್ಬರ ಪಾತ್ರ ಅನಂತ್ ನಾಗ್, ಶಂಕರ್ ನಾಗ್ ಸಹೋದರರದು, ಮೂರನೆಯದು ಲೋಕನಾಥರದು. ‘ಭೂತಯ್ಯನ ಮಗ ಅಯ್ಯು’ ಚಿತ್ರದಲ್ಲಿ ಉಪ್ಪಿನಕಾಯಿಗೆ ಆಸೆಪಟ್ಟ ಆ ಮುದುಕನನ್ನು ಮರೆತ ಕನ್ನಡಿಗರುಂಟೆ? ಅವರೇ ಇವರು. ಪ್ರಿಯಾ ತೆಂಡೂಲ್ಕರ್, ರಮೇಶ್ ಭಟ್ ಮೊದಲಾದವರೂ ಇದ್ದಾರೆ. ಓಟದ ಕೊನೆ ಏನಾಯಿತೆಂಬುದನ್ನು ನಾವು ಹೇಳುವುದಿಲ್ಲ, ನೋಡದವರಿಗೆ ರಸಭಂಗವಾಗಬಾರದು.

ರಾಜ್ಯ ಸರ್ಕಾರವು ಈ ಚಿತ್ರಕ್ಕೆ ಆ ವರ್ಷದ ಪ್ರಥಮ ಶ್ರೇಷ್ಠ ಚಿತ್ರವೆಂಬ ಮನ್ನಣೆಯನ್ನು ಕೊಟ್ಟಿತು. ಅನಂತ್ ನಾಗ್ ಶ್ರೇಷ್ಠ ನಟರೆನಿಸಿದರು. ಆದರೂ ಶಂಕರ್ ನಾಗ್ ಎಂದೊಡನೆ ನಮ್ಮ ಜನರ ಬಾಯಿಗೆ ಬರುವುದು ‘ಆಟೋರಾಜ’, ‘ಗೀತಾ’, ‘ಸಾಂಗ್ಲಿಯಾನ’. ಹೆಂಗಸರೂ ಮಕ್ಕಳೂ ನೆನೆಯುವುದು ‘ಮಾಲ್ಗುಡಿ ಡೇಸ್’. ‘ಮಿಂಚಿನ ಓಟ’ವನ್ನು ಹೆಸರಿಸುವವರು ಕಡಿಮೆ. ಆ ಪಡಸಾಲೆಯಲ್ಲಿ ಅದನ್ನು ಹಿಂದೆ ನೋಡಿದವರು ಇಬ್ಬರೇ ಇದ್ದರು. ಪ್ರಶಸ್ತಿ ಪಡೆದೂ ಮನೆಮಾತಾಗದಿರುವುದು ಒಂದು ಬಗೆಯ ಅನಾದರವೇ ಅಲ್ಲವೆ?

ಇಂತಹ ಭಾಗ್ಯಹೀನತೆ ಕನ್ನಡಕ್ಕೆ ಮಾತ್ರ ಸಲ್ಲುವುದಲ್ಲ. ಅಮೆರಿಕದ ‘ದಿ ಶಾಶಾಂಕ್ ರಿಡೆಂಪ್ಷನ್’ ಎಂಬ ಸೆರೆಮನೆಯ ಚಿತ್ರವು ೧೯೯೪ರಲ್ಲಿ ಮೊದಲು ತೆರೆಕಂಡಾಗ ಹಾಕಿದ ಹಣವನ್ನೇ ಹಿಂದಕ್ಕೆ ತರಲಿಲ್ಲ. ಆಮೇಲೆ ದೂರದರ್ಶನ, ವೀಡಿಯೋಗಳ ಮೂಲಕ ಮನೆಮನೆಯನ್ನು ಹೊಕ್ಕು ಜಗದ್ವಿಖ್ಯಾತವಾಯಿತು. ಚಿತ್ರಮಂದಿರ ಕೈಬಿಟ್ಟುದನ್ನು ಪಡಸಾಲೆ ಕೈಹಿಡಿಯಿತು. ‘ಮಿಂಚಿನ ಓಟ’ಕ್ಕೂ ಅಂತಹ ಕಾಲ ಬಂದೀತೆಂದು ನಾವು ಆಶಿಸುತ್ತೇವೆ.

ಇನ್ನು ನೋಡಿದವರ ಅಭಿಪ್ರಾಯ. ಮನೆಯ ಯಜಮಾನರು ನಿವೃತ್ತ ಉಪಾಧ್ಯಾಯರು. “ಅಣ್ಣ ತಮ್ಮಂದಿರು ನಟಿಸುತ್ತಿದ್ದಾರೆಂಬುದನ್ನೇ ನಾನು ಮರೆತೆ. ಕಳ್ಳರೆಂಬುದನ್ನೂ ಮರೆತೆ. ಮೂವರು ಗೆಳೆಯರು ಕಣ್ಣ ಮುಂದಿದ್ದರು,” ಎಂದರು. ಅವರ ಮೊಮ್ಮಗ ಕಾಲೇಜಿನಲ್ಲಿ ಓದುವ ಹುಡುಗ. ಈಗಿನ ಚಿತ್ರಗಳ ಹೊಡೆದಾಟಕ್ಕೆ ಹೊಂದಿಕೊಂಡ ಅವನ ಕಣ್ಣಿಗೆ ಮೊದಲರ್ಧ ಗಂಟೆ ನಿಧಾನವೆನಿಸಿತಂತೆ. ಬಳಿಕ ಮೊಬೈಲನ್ನು ಕೆಳಗಿಟ್ಟನು. ಇದಕ್ಕಿಂತ ದೊಡ್ಡ ಪ್ರಶಸ್ತಿಯನ್ನು ಈ ಕಾಲದ ತರುಣರು ಯಾವ ಚಿತ್ರಕ್ಕೂ ಕೊಡಲಾರರು.

ಗೃಹಿಣಿಯೊಬ್ಬರ ಆಕ್ಷೇಪಣೆ ಬೇರೆಯಾಗಿತ್ತು. “ಎಲ್ಲ ಸರಿ. ಆದರೆ ಕಳ್ಳನು ಓಡುವಾಗ ನನ್ನ ಮಕ್ಕಳು ‘ಓಡು, ಓಡು’ ಎಂದು ಕೂಗಿದರು. ಹಿಂದೆ ಬರುವ ಪೋಲೀಸಿನವನು ಅವರಿಗೆ ವೈರಿಯಾದ. ನಾಳೆ ಇದರಿಂದ ಅವರು ಏನನ್ನು ಕಲಿತಾರು?” ಎಂದು ಕೇಳಿದರು. ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಸೆರೆಮನೆಯಿಂದ ಓಡುವ ಕಥೆಗಳೆಲ್ಲ ನಮ್ಮ ಮೇಲೆ ಹೂಡುವ ಮಂತ್ರವೇ ಇದು. ಫ್ರಾನ್ಸಿನ ಜಾಕ್ ಬೆಕ್ಕರ್ ೧೯೬೦ರಲ್ಲಿ ‘ಲ ತ್ರೂ’ ಎಂಬ ಚಿತ್ರವನ್ನು ಮಾಡಿದರು. ೧೯೪೭ರಲ್ಲಿ ಪ್ಯಾರಿಸಿನ ಲಾ ಸಾಂತೆ ಸೆರೆಮನೆಯಲ್ಲಿ ನಿಜವಾಗಿ ನಡೆದ ಪಲಾಯನ ಪ್ರಯತ್ನವೇ ಅದರ ಕಥೆ. ಆ ಪ್ರಯತ್ನದಲ್ಲಿ ಭಾಗಿಯಾಗಿದ್ದವನೊಬ್ಬನೇ ಅದರಲ್ಲಿ ನಟಿಸಿದನು. ಗೋಡೆ ಅಗೆಯುವವರ ಅಪರಾಧವೇನೆಂಬುದು ನೋಡುವವರಿಗೆ ಮುಖ್ಯವಾಗುವುದಿಲ್ಲ. ಗೋಡೆ ಒಡೆಯಲೆಂದೇ ಮನಸ್ಸು ಹಾರೈಸುತ್ತದೆ. ಮನುಷ್ಯನಿಗೆ ಕಳ್ಳತನ ಪ್ರಿಯವೆಂದಲ್ಲ, ಬಂಧನ ಅಪ್ರಿಯವೆಂದು.

ಚರ್ಚೆ ಇಲ್ಲಿಗೆ ಮುಗಿಯುತ್ತಿತ್ತೋ ಏನೋ. ಅಷ್ಟರಲ್ಲಿ ಬಾಗಿಲ ಬಳಿ ಕುಳಿತಿದ್ದ ನೆರೆಮನೆಯ ತಾಯಿಯೊಬ್ಬರು, ಅದುವರೆಗೆ ಮಾತೇ ಆಡದವರು, ಮೆಲ್ಲಗೆ ಹೇಳಿದರು: “ನನ್ನ ತಮ್ಮ ಜೇಲಿನಲ್ಲಿದ್ದಾನೆ. ಒಂದು ವರ್ಷ ಮೂರು ತಿಂಗಳಾಯಿತು. ಕಳವಿನ ಕೇಸು. ಇನ್ನೂ ವಿಚಾರಣೆಯೇ ಆಗಿಲ್ಲ. ಅವನು ಓಡುವುದು ಬೇಡ. ಬಾಗಿಲಿನಿಂದಲೇ ಹೊರಗೆ ಬರಲಿ.”

ಪಡಸಾಲೆ ನಿಶ್ಶಬ್ದವಾಯಿತು. ಅದೇ ಓಣಿಯಲ್ಲಿ ವಾಸಿಸುವ ನಮ್ಮಲ್ಲಿ ಯಾರೂ ಈ ಸಂಗತಿಯನ್ನು ಅರಿತಿರಲಿಲ್ಲ. ಅರಿತವರು ಇದ್ದರೂ ಕೇಳಿರಲಿಲ್ಲ. ತೆರೆಯ ಮೇಲಿನ ಕಳ್ಳನಿಗಾಗಿ ಎರಡು ಗಂಟೆ ಉಸಿರು ಬಿಗಿಹಿಡಿದ ನಾವು, ನೆರೆಮನೆಯ ಸೆರೆಯಾಳಿಗಾಗಿ ಒಂದು ನಿಮಿಷವನ್ನೂ ವ್ಯಯಮಾಡಿರಲಿಲ್ಲ. ಹೀಗೆ ಬರೆಯಲು ನಮಗೆ ನಾಚಿಕೆಯಾಗುತ್ತದೆ.

ಆದುದರಿಂದ ಗೃಹಸ್ಥರಾದ ನಮ್ಮ ವಾಚಕರು ಕೆಲವು ಸಂಗತಿಗಳನ್ನು ತಿಳಿದಿರುವುದು ಯುಕ್ತ. ಸೆರೆಮನೆಯಲ್ಲಿರುವವರೆಲ್ಲ ಅಪರಾಧಿಗಳೆಂದು ನಾವು ಎಣಿಸುತ್ತೇವೆ. ಅದು ತಪ್ಪು. ೨೦೨೨ರ ಕೊನೆಯ ಸರ್ಕಾರಿ ಲೆಕ್ಕದ ಪ್ರಕಾರ ಭಾರತದ ಸೆರೆಮನೆಗಳಲ್ಲಿದ್ದ ಸುಮಾರು ೫ ಲಕ್ಷ ೭೩ ಸಾವಿರ ಮಂದಿಯಲ್ಲಿ ಮುಕ್ಕಾಲು ಪಾಲಿನವರು ವಿಚಾರಣಾಧೀನರು. ಎಂದರೆ ಅವರ ತಪ್ಪು ಇನ್ನೂ ನಿರ್ಣಯವಾಗಿರಲಿಲ್ಲ. ಶಂಕರ್ ನಾಗರ ಚಿತ್ರ ಬರುವುದಕ್ಕೆ ಒಂದು ವರ್ಷ ಮೊದಲೇ, ೧೯೭೯ರಲ್ಲಿ, ಹುಸೈನಾರಾ ಖಾತೂನ್ ಮೊಕದ್ದಮೆಯಲ್ಲಿ, ಶೀಘ್ರ ವಿಚಾರಣೆಯು ಪ್ರಜೆಯ ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು ಸಾರಿತ್ತು.

ಸೆರೆಯಿಂದ ಓಡಿದವನಿಗೆ ಲಾಭವೇನು? ಆ ಕಾಲದ ದಂಡಸಂಹಿತೆಯಲ್ಲಿ ಸಾಮಾನ್ಯ ಕಳವಿಗೆ ಗರಿಷ್ಠ ಶಿಕ್ಷೆ ೩ ವರ್ಷ. ಬಂಧನದಿಂದ ತಪ್ಪಿಸಿಕೊಂಡರೆ ಮತ್ತೆ ೨ ವರ್ಷಗಳವರೆಗೆ. ಅದೂ ಮೊದಲಿನ ಶಿಕ್ಷೆಯ ಜೊತೆಗೆ. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಈ ಎರಡು ಅವಧಿಗಳು ಹಾಗೆಯೇ ಇವೆ. ಚಿತ್ರದಲ್ಲಿ ಓಟ ರೋಮಾಂಚಕ; ಲೆಕ್ಕದಲ್ಲಿ ಅದು ನಷ್ಟ. ಕೇಳಿದ ಗೃಹಿಣಿಯು ತನ್ನ ಮಕ್ಕಳಿಗೆ ಈ ಲೆಕ್ಕವನ್ನು ಹೇಳಿಕೊಡಬಹುದು.

ಬಾಗಿಲಿನಿಂದ ಹೊರಬರುವ ದಾರಿಯೂ ಉಂಟು. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೪೭೯ನೆಯ ಕಲಮು ಹೀಗೆ ಹೇಳುತ್ತದೆ: ಹಿಂದೆ ಎಂದೂ ಶಿಕ್ಷೆಗೆ ಒಳಗಾಗದ ವಿಚಾರಣಾಧೀನನು ತನ್ನ ಮೇಲಿನ ಆರೋಪದ ಗರಿಷ್ಠ ಶಿಕ್ಷೆಯ ಮೂರರಲ್ಲಿ ಒಂದು ಪಾಲು ಕಾಲವನ್ನು ಸೆರೆಯಲ್ಲಿ ಕಳೆದಿದ್ದರೆ, ನ್ಯಾಯಾಲಯವು ಅವನನ್ನು ಮುಚ್ಚಳಿಕೆಯ ಮೇಲೆ ಬಿಡಬೇಕು, ಇತರರಿಗೆ ಅರ್ಧ ಪಾಲು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಆರೋಪಗಳಿಗೆ ಇದು ಅನ್ವಯಿಸದು. ಒಂದಕ್ಕಿಂತ ಹೆಚ್ಚು ಮೊಕದ್ದಮೆಗಳಿದ್ದವರಿಗೂ ಇದರ ಅನುಕೂಲ ದೊರೆಯದು. ಅವಧಿ ತುಂಬಿದೊಡನೆ ನ್ಯಾಯಾಲಯಕ್ಕೆ ಅರ್ಜಿ ಬರೆಯುವುದು ಸೆರೆಮನೆಯ ಅಧಿಕಾರಿಯ ಕರ್ತವ್ಯವೆಂದೂ ಅಲ್ಲಿದೆ. ಸಾಮಾನ್ಯ ಕಳವಿಗೆ ೩ ವರ್ಷವಾದರೆ ಮೂರನೆಯ ಒಂದು ಪಾಲು ಎಂದರೆ ಒಂದು ವರ್ಷ. ಆ ತಾಯಿಯ ತಮ್ಮನು ಒಳಗಿದ್ದುದು ಒಂದು ವರ್ಷ ಮೂರು ತಿಂಗಳು.

ಉಪಾಧ್ಯಾಯರು ತತ್‌ಕ್ಷಣವೇ ಕಾಗದ, ಲೇಖನಿಗಳನ್ನು ತರಿಸಿದರು. ಆರೋಪ ಯಾವ ಕಲಮಿನದು, ಬಂಧಿಸಿದ ತಾರೀಖು ಯಾವುದು, ಬೇರೆ ಮೊಕದ್ದಮೆಗಳುಂಟೆ ಎಂಬುದನ್ನೆಲ್ಲ ಕೇಳಿ ಬರೆದುಕೊಂಡರು. ಆ ತಾಯಿಗೆ ತಾರೀಖು ಮಾತ್ರ ಗೊತ್ತಿತ್ತು. ಅದನ್ನು ಅವರು ತಡವರಿಸದೆ ಹೇಳಿದರು. ಸೆರೆಯಲ್ಲಿರುವ ಯಾರಿಗೇ ಆಗಲಿ, ವರಮಾನವೆಷ್ಟೆಂದು ಕೇಳದೆ, ಸರ್ಕಾರದ ವೆಚ್ಚದಲ್ಲಿ ವಕೀಲರನ್ನು ಒದಗಿಸಬೇಕೆಂದು ೧೯೮೭ರ ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮದಲ್ಲಿದೆ. ಅದರ ದೂರವಾಣಿ ಸಂಖ್ಯೆ ೧೫೧೦೦. ಸೋಮವಾರ ಆ ತಾಯಿಯೊಡನೆ ತಾನೇ ಹೋಗುವೆನೆಂದು ಮುಂದೆ ಬಂದವರು, ಮೊದಲು ಆಕ್ಷೇಪಣೆ ಮಾಡಿದ ಆ ಗೃಹಿಣಿಯೇ.

ಇನ್ನು ನಮ್ಮ ಅಭಿಪ್ರಾಯವನ್ನು ಹೇಳಿ ಮುಗಿಸುತ್ತೇವೆ. ೧೯೫೭ರಲ್ಲಿ ವಿ. ಶಾಂತಾರಾಮರು ‘ದೋ ಆಂಖೇ ಬಾರಹ್ ಹಾಥ್’ ಎಂಬ ಹಿಂದೀ ಚಿತ್ರದಲ್ಲಿ ಆರು ಮಂದಿ ಕೈದಿಗಳನ್ನು ಗೋಡೆಯಿಲ್ಲದ ಹೊಲಕ್ಕೆ ಕರೆತಂದು, ನಂಬಿಕೆಯೇ ಕಾವಲೆಂದು ತೋರಿಸಿದರು. ಅದು ಬೋಧಿಸುವ ಚಿತ್ರ. ‘ಮಿಂಚಿನ ಓಟ’ವು ಬೋಧಿಸುವುದಿಲ್ಲ, ಕಳ್ಳರ ಪಕ್ಕದಲ್ಲಿ ನಮ್ಮನ್ನು ಕೂರಿಸುತ್ತದೆ, ಅಷ್ಟೆ. ಕೂತ ಮೇಲೆ ಅವರ ಉಸಿರು ನಮಗೆ ಕೇಳುತ್ತದೆ. ಒಂದು ಸಂಸಾರವು ಒಟ್ಟಿಗೆ ಕುಳಿತು ನೋಡತಕ್ಕ ಚಿತ್ರವಿದು; ಮಕ್ಕಳಿದ್ದರೆ ಹಿರಿಯರು ಜೊತೆಗಿದ್ದು ಬಳಿಕ ಮಾತನಾಡುವುದು ಅವಶ್ಯ. ೧೯೯೦ರ ಸೆಪ್ಟೆಂಬರ್ ೩೦ರಂದು ದಾವಣಗೆರೆಯ ಬಳಿ ಆನಗೋಡಿನಲ್ಲಿ ಕಾರು ಅಪಘಾತಕ್ಕೆ ತುತ್ತಾದ ಶಂಕರ್ ನಾಗರಿಗೆ ಆಗ ಮೂವತ್ತಾರೂ ತುಂಬಿರಲಿಲ್ಲ. ಅವರು ಬಿಟ್ಟುಹೋದುದರಲ್ಲಿ ನಾವು ನೋಡದೆ ಉಳಿಸಿದ್ದು ಇನ್ನೂ ಇದೆ.

ಸೋಮವಾರ ಹೋದವರು ಅರ್ಜಿ ಕೊಟ್ಟು ಬಂದಿದ್ದಾರೆ. ಉತ್ತರಕ್ಕಾಗಿ ಆ ಮನೆಯವರೊಡನೆ ಈಗ ಓಣಿಯೆಲ್ಲ ಕಾದಿದೆ.