ಸಂಸಾರದ ಲೆಕ್ಕ: ಹುಲ್ಲು ನೋಡಿಕೊಳ್ಳುವವರಿಗೆ ಸಂಬಳ ಎಷ್ಟು?



ಮನೆಯ ಹುಡುಗನಿಗೆ ಕೆಲಸ ಸಿಕ್ಕಿತು ಅಂದ ಕೂಡಲೇ ನಾವು ಕೇಳುವ ಮೊದಲನೇ ಪ್ರಶ್ನೆ, "ಸಂಬಳ ಎಷ್ಟಂತೆ?" ಮಗಳಿಗೆ ಗಂಡು ನೋಡುವಾಗಲೂ ಇದೇ ಪ್ರಶ್ನೆ. ಉತ್ತರವಾಗಿ ಒಂದು ಅಂಕಿ ಬಂದರೆ ಸಾಕು, ನಮಗೆ ಸಮಾಧಾನ. ಸಂತೆಯಲ್ಲಿ ಒಂದೊಂದು ಬದನೆಕಾಯಿಯನ್ನೂ ತಿರುಗಿಸಿ ತಿರುಗಿಸಿ ಹುಳುಕು ನೋಡುವ ನಾವು, ಸಂಬಳದ ಅಂಕಿಯನ್ನು ಮಾತ್ರ ತಿರುಗಿಸಿ ನೋಡುವುದೇ ಇಲ್ಲ. ಹೌದು ತಾನೇ?

ನಮ್ಮ ಓರಗಿತ್ತಿಯ ಮಗ ತೋಟಗಾರಿಕೆಯಲ್ಲಿ ಬಿ.ಎಸ್ಸಿ. ಮುಗಿಸಿದ. ಬೆಂಗಳೂರಿನಲ್ಲಿ ಎರಡು ಕೆಲಸ ಒಟ್ಟಿಗೇ ಬಂದವು. ಒಂದು, ಹನ್ನೆರಡು ಜನರಿರುವ ಗೊಬ್ಬರ-ಔಷಧಿಯ ಸಣ್ಣ ಕಂಪನಿ. ಕೈಗೆ 32,000 ರೂಪಾಯಿ. ಇನ್ನೊಂದು, ಗಾಲ್ಫ್ ಕ್ಲಬ್ಬಿನಲ್ಲಿ ಮೈದಾನದ ಸಹಾಯಕ ಸೂಪರಿಂಟೆಂಡೆಂಟ್, ಕೈಗೆ 27,000. "ಹುಲ್ಲು ಕೊಯ್ಯೋಕೆ ಇಷ್ಟು ಓದಿಸಬೇಕಿತ್ತಾ ಅಕ್ಕಾ? ಅದೂ ಐದು ಸಾವಿರ ಕಡಿಮೆಗೆ!" ಅಂತ ಓರಗಿತ್ತಿ ಕಣ್ಣಲ್ಲಿ ನೀರು ತಂದುಕೊಂಡಳು. ಮನೆ ಕಟ್ಟಿದ ಸಾಲ ತೀರಿಲ್ಲ, ಮೈದುನನಿಗೆ ಸಕ್ಕರೆ ಕಾಯಿಲೆ. ಆ ಮನೆಗೆ ಐದು ಸಾವಿರ ಚಿಕ್ಕ ಮಾತಲ್ಲ.

ಮೊದಲು ಈ ಕೆಲಸ ಏನು ಅಂತ ತಿಳಿದುಕೊಳ್ಳೋಣ. ಗಾಲ್ಫ್ ಮೈದಾನ ಅಂದರೆ ನೂರು, ನೂರೈವತ್ತು ಎಕರೆ. ಬಿಸಿಲಿನ ಊರುಗಳಲ್ಲಿ ಅಲ್ಲಿ ಬೆಳೆಸುವುದು ಹೆಚ್ಚಾಗಿ ಬರ್ಮುಡಾ ಹುಲ್ಲು. ಹೆಸರು ಕೇಳಿ ಬೆರಗಾಗಬೇಡಿ, ನಾವು ಗಣಪತಿಗೆ ಏರಿಸುವ ಗರಿಕೆಯ ಜಾತಿಯೇ ಅದು! ಚೆಂಡು ಗುಳಿಗೆ ಬೀಳುವ ಜಾಗದಲ್ಲಿ ಹುಲ್ಲು ಮೂರು, ನಾಲ್ಕು ಮಿಲಿಮೀಟರ್ ಎತ್ತರದಲ್ಲೇ ಇರಬೇಕು. ನೀರು ಹೆಚ್ಚಾದರೆ ಬೂಸ್ಟು, ಕಡಿಮೆಯಾದರೆ ಒಣಗುತ್ತದೆ. ಆಟಗಾರರು ಬರುವ ಮೊದಲೇ, ನಸುಕಿನಲ್ಲೇ ಕೆಲಸ ಶುರು. ನೀರು, ಗೊಬ್ಬರ, ಯಂತ್ರ, ಮಾಲಿಗಳು ಎಲ್ಲದರ ಹೊಣೆ ಸೂಪರಿಂಟೆಂಡೆಂಟರದು.

ಈ ಕೆಲಸಕ್ಕೆ ಸಂಬಳ ಕೊಡುವುದು ಇಂದು ನಿನ್ನೆಯದಲ್ಲ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಊರಿನ ಹೆಸರಾಂತ ಮೈದಾನಕ್ಕೆ 1865ರಲ್ಲಿ ಟಾಮ್ ಮಾರಿಸ್ ಎಂಬಾತ ಬಂದ. ವರ್ಷಕ್ಕೆ 50 ಪೌಂಡ್ ಸಂಬಳ, ಮೈದಾನದ ಖರ್ಚಿಗೆ ಬೇರೆ 20 ಪೌಂಡ್. ಜೊತೆಗೆ ಪಕ್ಕದಲ್ಲೇ ಸ್ವಂತ ಅಂಗಡಿ ಇಟ್ಟು ಗಾಲ್ಫ್ ದಾಂಡು, ಚೆಂಡು ಮಾರುತ್ತಿದ್ದ. 1903ರಲ್ಲಿ, ಎಂಬತ್ತು ದಾಟಿದ ಮೇಲೆ ಕೆಲಸ ಬಿಟ್ಟ. ಆದರೂ ಕ್ಲಬ್ಬಿನವರು ಸಂಬಳ ನಿಲ್ಲಿಸಲಿಲ್ಲ, 1908ರಲ್ಲಿ ಆತ ತೀರಿಕೊಳ್ಳುವವರೆಗೂ ಕೊಟ್ಟರು. ಆದರೆ ನೋಡಿ, ಅದು ಅವರ ದೊಡ್ಡ ಮನಸ್ಸು. ಎಲ್ಲರಿಗೂ ಅಂಥ ಧಣಿ ಸಿಕ್ಕಾನೆಯೇ?

ಅಮೆರಿಕದಲ್ಲಿ ಈ ಕೆಲಸದವರು 1926ರಲ್ಲೇ ತಮ್ಮದೊಂದು ಸಂಘ ಕಟ್ಟಿಕೊಂಡರು. ಆ ಸಂಘ ತನ್ನವರ ಸಂಬಳದ ಲೆಕ್ಕ ತೆಗೆದು ಪ್ರಕಟಿಸುತ್ತದೆ. 2023ರ ಲೆಕ್ಕದಲ್ಲಿ ಸೂಪರಿಂಟೆಂಡೆಂಟರ ಸರಾಸರಿ ಸಂಬಳ ವರ್ಷಕ್ಕೆ ಒಂದು ಲಕ್ಷ ಡಾಲರ್ ದಾಟಿತ್ತು. ಅಷ್ಟು ಬಂದರೂ ಅಲ್ಲಿಯವರು ಆರೋಗ್ಯವಿಮೆ ಉಂಟೇ, ಮುಪ್ಪಿನ ಉಳಿತಾಯಕ್ಕೆ ಕ್ಲಬ್ಬಿನವರು ಎಷ್ಟು ಹಾಕುತ್ತಾರೆ ಅಂತ ಕೇಳಿಯೇ ಕೆಲಸ ಒಪ್ಪುತ್ತಾರೆ. ಅಲ್ಲಿ ಆಸ್ಪತ್ರೆಯ ಖರ್ಚು ವಿಪರೀತ, ಹೆಚ್ಚಿನವರಿಗೆ ವಿಮೆ ಸಿಗುವುದು ಕೆಲಸದ ಮೂಲಕವೇ.

ಇದನ್ನೇ ಮನಸ್ಸಿನಲ್ಲಿಟ್ಟುಕೊಂಡು ನಾನೂ ಓರಗಿತ್ತಿಯೂ ಎರಡು ಪತ್ರ ಮುಂದಿಟ್ಟುಕೊಂಡು ಕೂತೆವು. ಕ್ಲಬ್ಬಿನವರು ವಾಸಕ್ಕೆ ಕ್ವಾರ್ಟರ್ಸ್ ಕೊಡುತ್ತಾರೆ. ಕಂಪನಿಯ ಕೆಲಸವಾದರೆ ಬಾಡಿಗೆಗೆ ಏನಿಲ್ಲವೆಂದರೂ 10,000 ಬೇಕು. ಅಲ್ಲಿಗೆ 32,000 ಹೋಗಿ 22,000 ಆಯಿತು!

ಇನ್ನು ಭವಿಷ್ಯನಿಧಿ, ಅಂದರೆ ಪಿ.ಎಫ್. ಇಪ್ಪತ್ತು ಜನರಿಗಿಂತ ಕಡಿಮೆ ಇರುವ ಕಂಪನಿಗೆ ಅದರ ಕಡ್ಡಾಯವಿಲ್ಲ, ಆ ಪತ್ರದಲ್ಲಿ ಅದರ ಸೊಲ್ಲೇ ಇರಲಿಲ್ಲ. ಕ್ಲಬ್ಬಿನ ಪತ್ರದಲ್ಲಿ 15,000 ರೂಪಾಯಿಯ ಮೇಲೆ ನೂರಕ್ಕೆ 12ರಂತೆ ಹುಡುಗನದು 1,800, ಕ್ಲಬ್ಬಿನದು 1,800. ಕ್ಲಬ್ಬಿನ ಪಾಲಿನಲ್ಲಿ 1,250 ಪಿಂಚಣಿಗೆ ಹೋಗುತ್ತದೆ, ಹತ್ತು ವರ್ಷ ಸೇವೆ ಆದರೆ ಮುಂದೆ ಪಿಂಚಣಿ. ಪಿ.ಎಫ್. ಇದ್ದವರಿಗೆ ಜೀವವಿಮೆಯೂ ಉಂಟು. 2021ರಲ್ಲಿ ಅದರ ಗರಿಷ್ಠ ಮೊತ್ತವನ್ನು 7 ಲಕ್ಷಕ್ಕೆ ಏರಿಸಿದರು.

ಗ್ರಾಚ್ಯುಟಿ ಬೇರೆ. ಐದು ವರ್ಷ ದುಡಿದು ಬಿಟ್ಟರೆ, ವರ್ಷಕ್ಕೆ ಹದಿನೈದು ದಿನದ ವೇತನದಂತೆ ಬರುವ ಇಡುಗಂಟು ಅದು. ತಿಂಗಳ ವೇತನವನ್ನು 26ರಿಂದ ಭಾಗಿಸಿ ದಿನದ ಲೆಕ್ಕ ತೆಗೆಯುತ್ತಾರೆ. ಮೂಲವೇತನ 20,000 ಇದ್ದು ಹತ್ತು ವರ್ಷ ದುಡಿದರೆ ಸುಮಾರು 1,15,000 ರೂಪಾಯಿ. ಮೂಲವೇತನ ಚಿಕ್ಕದು ಮಾಡಿ ಭತ್ಯೆ ದೊಡ್ಡದು ಮಾಡಿದರೆ ಈ ಗಂಟೂ ಕರಗುತ್ತದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ, ಭತ್ಯೆಗಳು ಒಟ್ಟು ಸಂಬಳದ ಅರ್ಧ ಮೀರಿದರೆ ಮೀರಿದ್ದನ್ನು ವೇತನಕ್ಕೇ ಸೇರಿಸಿ ಲೆಕ್ಕ ಹಾಕಬೇಕು.

ಕ್ಲಬ್ಬಿನ ಆರೋಗ್ಯವಿಮೆಯಲ್ಲಿ ತಂದೆತಾಯಿಯೂ ಸೇರಿದ್ದರು. "ಮೊದಲೇ ಇರೋ ಸಕ್ಕರೆ ಕಾಯಿಲೆಗೂ ಆಗುತ್ತಾ ಕೇಳಪ್ಪ" ಅಂದೆ. ಹುಡುಗ ಫೋನ್ ಮಾಡಿ ಕೇಳಿ, "ಆಗುತ್ತಂತೆ ದೊಡ್ಡಮ್ಮ" ಅಂದ. ಓರಗಿತ್ತಿಯ ಮುಖ ಆಗ ಅರಳಿತು ನೋಡಿ!

ಆದರೆ ಕ್ವಾರ್ಟರ್ಸಿನ ವಿಷಯದಲ್ಲಿ ಒಂದು ಎಚ್ಚರಿಕೆ. ಕೆಲಸ ಹೋದ ದಿನ ಮನೆಯೂ ಹೋಗುತ್ತದೆ. ಬಾಡಿಗೆ ಉಳಿಯಿತು ಅಂತ ಆ ದುಡ್ಡನ್ನು ಖರ್ಚು ಮಾಡಿಬಿಟ್ಟರೆ ಉಳಿದಂತೆ ಆಗಲಿಲ್ಲ. ಅದಕ್ಕೇ ಹುಡುಗ ಕ್ಲಬ್ಬಿನ ಕೆಲಸ ಒಪ್ಪಿದಾಗ ಅವನ ತಾಯಿ ಒಂದು ಷರತ್ತು ಹಾಕಿದಳು: ತಿಂಗಳಿಗೆ 5,000 ಅಂಚೆ ಕಚೇರಿಯ ಆರ್.ಡಿ.ಗೆ ಕಟ್ಟಲೇಬೇಕು.

ನಿಮ್ಮ ಮನೆಗೆ ಕೆಲಸದ ಪತ್ರ ಬಂದಾಗ ಇಷ್ಟನ್ನು ತಪ್ಪದೆ ಕೇಳಿಸಿ:

1. ಪಿ.ಎಫ್. ಹಿಡಿದು ಕೈಗೆ ಬರುವುದು ಎಷ್ಟು? "ವರ್ಷಕ್ಕೆ ಇಷ್ಟು ಲಕ್ಷ" ಅನ್ನುವ ಅಂಕಿಯಲ್ಲಿ ಮಾಲೀಕರ ಪಾಲಿನ ಪಿ.ಎಫ್., ಗ್ರಾಚ್ಯುಟಿಯೂ ಸೇರಿರುವುದುಂಟು.

2. ಮೂಲವೇತನ ಎಷ್ಟು?

3. ವಿಮೆ ಯಾರ್ಯಾರಿಗೆ, ಯಾವ ಕಾಯಿಲೆಗೆ? ಸಂಬಳ 21,000ದ ಒಳಗಿದ್ದರೆ ಇ.ಎಸ್.ಐ. ಉಂಟೇ?

4. ವಾರದ ರಜೆ, ಹೆಚ್ಚುವರಿ ದುಡಿಮೆಗೆ ಕೂಲಿ ಇದೆಯೇ?

5. ಮನೆ ಕೊಟ್ಟರೆ, ಕೆಲಸ ಬಿಟ್ಟ ಮೇಲೆ ಎಷ್ಟು ದಿನದಲ್ಲಿ ಖಾಲಿ ಮಾಡಬೇಕು?

ಈಗಾಗಲೇ ಕೆಲಸದಲ್ಲಿರುವ ನಿಮ್ಮ ಯಜಮಾನರನ್ನೂ ಇವತ್ತು ರಾತ್ರಿ ಊಟಕ್ಕೆ ಕೂತಾಗ ಒಂದು ಮಾತು ಕೇಳಿ: ಪಿ.ಎಫ್. ಖಾತೆಯಲ್ಲಿ ನಾಮಿನಿ ಅಂತ ಯಾರ ಹೆಸರು ಬರೆಸಿದ್ದೀರಿ? ಮದುವೆಗೆ ಮುಂಚೆ ಬರೆಸಿದ ಹೆಸರೇ ಇನ್ನೂ ಇದ್ದರೆ, ಈ ತಿಂಗಳಲ್ಲೇ ಬದಲಾಯಿಸಿಕೊಳ್ಳಲು ಹೇಳಿ.